ರೋಬೋಟ್‌ಗಳು ಅಣೆಕಟ್ಟು ಒಡೆದ ದಿನ

೧೯೯೭ರ ಮಳೆಗಾಲ. ನಾನಾಗ ಗೋಕಾಕದಲ್ಲಿ ನೀರಾವರಿ ಇಲಾಖೆಯ ಕಿರಿಯ ಇಂಜಿನಿಯರ್. ಹುಟ್ಟಿದ್ದು ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ, ಸರ್ವೀಸಿನ ಹೆಚ್ಚು ಪಾಲು ಕಳೆದದ್ದು ಘಟಪ್ರಭೆಯ ದಂಡೆಯ ಮೇಲೆ. ಕಾಲುವೆ ಒಡೆದದ್ದನ್ನು ನೋಡಿದ್ದೇನೆ, ನೀರಿನ ಪಾಳಿಗಾಗಿ ರೈತರು ಕುಡಗೋಲು ಹಿಡಿದು ನಿಂತದ್ದನ್ನು ನೋಡಿದ್ದೇನೆ, ಕ್ವಾರ್ಟರ್ಸಿನ ಬಚ್ಚಲಲ್ಲಿ ನಾಗರಹಾವನ್ನೂ ನೋಡಿದ್ದೇನೆ. ಆದರೆ ಜೀವ ಬಾಯಿಗೆ ಬರುವಷ್ಟು ಹೆದರಿದ್ದು ಒಂದೇ ಸಲ. ಅದೂ ಮಕ್ಕಳ ಚಿತ್ರಕಥೆಯ ಪುಸ್ತಕದಿಂದ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗು ಬರುವುದು ಕಷ್ಟ.

ನಮ್ಮ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಹಿಡಕಲ್ ಜಲಾಶಯ ತುಂಬಿದಾಗ ಗೇಟುಗಳನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಹೆಚ್ಚಿನ ನೀರನ್ನು ನದಿಗೆ ಬಿಡುತ್ತಾರೆ. ಅದನ್ನು ಅಳೆಯುವುದು ಕ್ಯೂಸೆಕ್ ಲೆಕ್ಕದಲ್ಲಿ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತದೆ ಎಂದು. ಬೆಳಗ್ಗೆ ಬಿಟ್ಟ ನೀರು ಗೋಕಾಕ ದಾಟಿ ಮೂಡಲಗಿ ಕಡೆಯ ಊರುಗಳನ್ನು ಮುಟ್ಟುವಾಗ ಹೊತ್ತು ಇಳಿದಿರುತ್ತದೆ. ಆ ನೀರಿಗಿಂತ ಮೊದಲು ನಾವು ಜೀಪಿಗೆ ಮೈಕ್ ಕಟ್ಟಿಕೊಂಡು ಊರೂರು ತಿರುಗಿ, ನದಿಗೆ ಇಳಿಯಬೇಡಿ, ದನಕರು ಬಿಡಬೇಡಿ, ಪಂಪ್‌ಸೆಟ್ ಎತ್ತಿಟ್ಟುಕೊಳ್ಳಿ ಎಂದು ಸಾರಬೇಕು.

ಆ ದಿನವೂ ಹಾಗೆಯೇ ಹೊರಟೆ. ಡ್ರೈವರ್ ಮಲ್ಲಪ್ಪ ಜೊತೆಗಿದ್ದ. ಮೂಡಲಗಿ ಕಡೆಯ ಕೊನೆಯ ಊರು ತಲುಪಿದಾಗ ಮಧ್ಯಾಹ್ನ. ಊರಿನ ಹೆಸರು ಬೇಡ, ಅಲ್ಲಿಯವರಿಗೆ ಇಂದಿಗೂ ಆ ಮಾತು ತೆಗೆದರೆ ಮುಜುಗರ. ಬೇರೆ ದಿನವಾದರೆ ನಮ್ಮ ಜೀಪು ಕಂಡ ಕೂಡಲೇ ಯಾರಾದರೂ ಚಹಾಕ್ಕೆ ಕೂಗುತ್ತಿದ್ದರು. ಅಂದು ಮನೆಮನೆಗೂ ಕೀಲಿ. ಬೀದಿಯಲ್ಲಿ ಕೋಳಿಗಳು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಮಲ್ಲಪ್ಪ, "ಸಾಹೇಬ್ರ, ಊರಾಗ ಯಾರರ ಸತ್ತಾರೇನ್ರಿ?" ಎಂದ. ಸತ್ತವರ ಮನೆಯ ಮುಂದಾದರೂ ಜನ ಇರುತ್ತಾರಲ್ಲ ಎಂದು ನಾನು ರೇಗಿದೆ. ರೇಗಿದ್ದು ಅಂಜಿಕೆಗೆ.

ಊರಿಗೆ ಊರೇ ನದಿಯ ದಂಡೆಯಲ್ಲಿ ನಿಂತಿತ್ತು. ಗಂಟು ಮೂಟೆ, ಹಾಸಿಗೆ ಸುರುಳಿ, ಚಕ್ಕಡಿಗಳು, ಆಡುಮರಿ. ನೀರಿನ ಅಂಚಿನಲ್ಲಿ ಎರಡು ದೊಡ್ಡ ಕೊಪ್ಪರಿಗೆ. ಬೆಲ್ಲದ ಗಾಣದಲ್ಲಿ ಕಬ್ಬಿನ ಹಾಲು ಕಾಯಿಸುವ ಅಗಲವಾದ ಕಬ್ಬಿಣದ ಪಾತ್ರೆ ಅದು. ನಮ್ಮ ಕಡೆ ದೋಣಿ ಇಲ್ಲದ ಊರುಗಳಲ್ಲಿ ಅದರೊಳಗೆ ಜನರನ್ನು ಕೂರಿಸಿ, ಈಜು ಬಲ್ಲ ಗಂಡಸರು ಅಂಚು ಹಿಡಿದು ತಳ್ಳುತ್ತಾ ಹೊಳೆ ದಾಟಿಸುತ್ತಾರೆ. ಶಾಂತ ನೀರಿನಲ್ಲಿ ಅದು ನಡೆಯುತ್ತದೆ. ಏರುವ ನೀರಿನಲ್ಲಿ ಅದೊಂದು ತಿರುಗುವ ಬುಗುರಿ, ಮಗುಚಿದರೆ ಕಬ್ಬಿಣ ನೇರ ತಳಕ್ಕೆ.

ಮೊದಲ ಕೊಪ್ಪರಿಗೆಯ ಬಳಿ ಒಬ್ಬ ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು. ಹೆಸರು ಪದ್ಮವ್ವ. ಗಾಣದ ಮಾಲೀಕ ಜಿನ್ನಪ್ಪ ಕಾಕಾನ ಸೊಸೆ. ಕೂಸಿಗಿನ್ನೂ ತೊಟ್ಟಿಲು ಕಟ್ಟಿರಲಿಲ್ಲ. ಬಾಣಂತಿಯರು, ಮಕ್ಕಳು ಮೊದಲು ಎಂಬುದು ಊರಿನ ಪದ್ಧತಿ. ಹಾಗಾಗಿ ಆ ಹೊಳೆಗೆ ಮೊದಲು ಇಳಿಯುವುದು ಅದೇ ಕೂಸು.

ಮೇಲೆ ಗೇಟು ಎತ್ತಿ ನೀರು ಬಿಟ್ಟದ್ದು ಗೊತ್ತಿದ್ದವರು ಅಲ್ಲಿ ನಾನು, ಮಲ್ಲಪ್ಪ ಇಬ್ಬರೇ. ಮೈಕ್ ಎತ್ತಿಕೊಂಡು ಗಂಟಲು ಸರಿಮಾಡಿ ಕೂಗಿದೆ: "ಗಾಬರಿಯಾಗಬೇಡಿ! ಇದು ಮಾಮೂಲಿ ನೀರು ಬಿಡುಗಡೆ!"

ಮರುಗಳಿಗೆ ಹೆಂಗಸರು ಗೋಳೋ ಎಂದು ಅಳತೊಡಗಿದರು. ನಾನು ಕಕ್ಕಾಬಿಕ್ಕಿ. ಜಿನ್ನಪ್ಪ ಕಾಕಾ ಬಂದು ಕಿಸೆಯಿಂದ ಎಣ್ಣೆ ಕುಡಿದ, ಕೆಂಪು ಶಾಯಿ ಹರಡಿದ ಹಾಳೆಯೊಂದನ್ನು ತೆಗೆದು ನನ್ನ ಕೈಗಿಟ್ಟ.

"ಇದನ್ನ ಓದ್ರಿ ಸಾಹೇಬ್ರ. ನೀವು ಏನು ಒದರಬೇಕು ಅಂತ ಇದರಾಗ ಬರದೈತಿ."

ಓದಿದೆ. "ಅತಿ ರಹಸ್ಯ. ಕಾಳಗದಿಂದ ಅಣೆಕಟ್ಟಿಗೆ ಬಿರುಕು ಬಿದ್ದಿದೆ. ಸಂಜೆಯೊಳಗೆ ಒಡೆಯುವುದು ಖಚಿತ. ಜನರಿಗೆ ತಿಳಿಸತಕ್ಕದ್ದಲ್ಲ. ಯಾರಾದರೂ ಕೇಳಿದಲ್ಲಿ, ಗಾಬರಿಯಾಗಬೇಡಿ, ಇದು ಮಾಮೂಲಿ ನೀರು ಬಿಡುಗಡೆ ಎಂದು ಹೇಳತಕ್ಕದ್ದು." ಭಾಷೆ ನಮ್ಮ ಸುತ್ತೋಲೆಗಳದ್ದೇ. ಕೆಳಗೆ ಸೀಳಿದ ಅಣೆಕಟ್ಟಿನ ಚಿತ್ರ. ಒಬ್ಬರ ಕೈಯಲ್ಲಿ ಅಲ್ಲ, ಎಷ್ಟೋ ಜನರ ಕೈಯಲ್ಲಿ ಅದೇ ಹಾಳೆ. ಹಿಂದಿನ ದಿನ ಸಂತೆಯಲ್ಲಿ ಭಜಿ ಕಟ್ಟಿಸಿಕೊಂಡ ಪ್ರತಿ ಮನೆಗೂ ಅದು ಬಂದಿತ್ತು. ಅಣೆಕಟ್ಟು ಒಡೆದರೆ ಊರ ಗುಡಿಯ ದಿಬ್ಬವೂ ಸಾಲದು, ಹೊಳೆಯಾಚೆಯ ಗುಡ್ಡವೇ ಗತಿ ಎಂದು ಊರು ನಿರ್ಧರಿಸಿತ್ತು.

ನಿಮ್ಮನ್ನು ಕಾಯಿಸುವುದಿಲ್ಲ, ಮಾರನೆಯ ದಿನ ನನಗೆ ತಿಳಿದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೋಕಾಕದ ಡ್ರಾಯಿಂಗ್ ಮಾಸ್ತರರೊಬ್ಬರು ಮಕ್ಕಳಿಗಾಗಿ ಒಂದು ಕಾಮಿಕ್ಸ್ ಬರೆದಿದ್ದರು. ಸರ್ಕಾರ ಗುಟ್ಟಾಗಿ ಎರಡು ದೈತ್ಯ ರೋಬೋಟ್ ತಯಾರಿಸುತ್ತದೆ. ಅವು ಒಂದರ ಮೇಲೊಂದು ಬಿದ್ದು ಕಾದಾಡಿ ಅಣೆಕಟ್ಟನ್ನೇ ಸೀಳುತ್ತವೆ. ಸರ್ಕಾರ ಅದನ್ನು ಮುಚ್ಚಿಡುತ್ತದೆ. ಮುದ್ರಿಸುವಾಗ ಒಂದು ಪುಟಕ್ಕೆ ಕೆಂಪು ಶಾಯಿ ಹರಡಿ ಹಾಳೆಗಳೆಲ್ಲ ಕೆಟ್ಟವು. ಪ್ರೆಸ್ಸಿನವರು ಆ ಕಟ್ಟನ್ನು ರದ್ದಿಗೆ ಹಾಕಿದರು, ಭಜಿಯವನು ಕೊಂಡ. ಕೆಟ್ಟದ್ದು ಒಂದೇ ಪುಟವಾದ್ದರಿಂದ ಊರಿಗೆಲ್ಲ ಅದೊಂದೇ ಪುಟ ಹೋಯಿತು. ರೋಬೋಟ್‌ಗಳು ಇದ್ದದ್ದು ಬೇರೆ ಪುಟಗಳಲ್ಲಿ. ಯಾವ ಕಾಳಗ ಎಂದು ಯಾರೂ ಕೇಳಲಿಲ್ಲ, ದೇಶದಲ್ಲಿ ಎಲ್ಲೋ ಒಂದು ಕಾಳಗ ಇದ್ದೇ ಇರುತ್ತದೆ.

ಆದರೆ ಆ ಹೊತ್ತಿನಲ್ಲಿ ನನಗೆ ಇದಾವುದೂ ಗೊತ್ತಿಲ್ಲ. ನಾನು ಅಣೆಕಟ್ಟಿನ ಕಡೆ ಹೋಗಿ ಎಷ್ಟೋ ದಿನವಾಗಿತ್ತು. ದೊಡ್ಡ ಸಾಹೇಬರು ನಮ್ಮಂಥ ಕಿರಿಯರಿಗೆ ಎಲ್ಲ ಹೇಳುತ್ತಾರೆಂಬ ಭರವಸೆ ಏನು? ನಿಜವಾಗಿ ಬಿರುಕು ಬಿದ್ದಿದ್ದರೆ? ಹೊಲ ಹಾದು ಸೊಸೈಟಿಯ ಕಚೇರಿಗೆ ಓಡಿದೆ. ಊರಿಗೆ ಇದ್ದದ್ದು ಅದೊಂದೇ ಫೋನು. ಅಣೆಕಟ್ಟಿನ ಕಂಟ್ರೋಲ್ ರೂಮಿನ ಆಪರೇಟರ್ ಸಿಕ್ಕಿದ.

"ಅಲ್ಲಿ ಏನಾಗೇತೋ? ಖರೆ ಹೇಳು ಮಾರಾಯಾ."

"ಏನೂ ಆಗಿಲ್ರಿ ಸಾಹೇಬ್ರ. ಮಾಮೂಲಿ ನೀರು ಬಿಡಾಕತ್ತೇವ್ರಿ."

ಅವನು ದಿನಾ ಹೇಳುವ ಮಾತು. ಹಾಳೆಯಲ್ಲಿ ಬರೆದದ್ದೂ ಅದೇ. ಇನ್ನೊಮ್ಮೆ ಕೇಳುವಷ್ಟರಲ್ಲಿ ಲೈನ್ ಕಡಿದುಹೋಯಿತು.

ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಎಣ್ಣೆ, ಶಾಯಿ ಕಲೆಗಳ ಅಡಿಯಲ್ಲಿ ನಟ್ಟು ಬೋಲ್ಟು ಸಮೇತ ಒಂದು ಉಕ್ಕಿನ ಪಾದ. ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ "ಧಡಾರ್!" ಸರ್ಕಾರಿ ಆದೇಶದಲ್ಲಿ ಧಡಾರ್ ಎಂದು ಬರೆದದ್ದನ್ನು ನಾನೆಂದೂ ಕಂಡಿರಲಿಲ್ಲ. ಇದು ಕಥೆ ಪುಸ್ತಕ ಎಂದು ಬುದ್ಧಿಗೆ ತಿಳಿಯಿತು. ಆದರೂ ಅಂಜಿಕೆ ಹೋಗಲಿಲ್ಲ. ಮೇಲಾಗಿ ಅಣೆಕಟ್ಟು ಗಟ್ಟಿಯಾಗಿದ್ದರೂ ಬಿಟ್ಟ ನೀರು ಬರುವುದು ಖಚಿತವಾಗಿತ್ತು.

ದಂಡೆಗೆ ಮರಳಿದಾಗ ಪದ್ಮವ್ವ ಒಂದು ಕಾಲನ್ನು ಕೊಪ್ಪರಿಗೆಯೊಳಗೆ ಇಟ್ಟಾಗಿತ್ತು.

"ಇದು ಮಕ್ಕಳ ಕಥಿ ಪುಸ್ತಕದ ಹಾಳಿ ರಿ ಕಾಕಾ! ಇಲ್ಲಿ ನೋಡ್ರಿ, ಧಡಾರ್ ಅಂತ ಐತಿ."

"ಕಟ್ಟಿ ಒಡದ್ರ ಧಡಾರ್ ಅನ್ನದ ಮತ್ತೇನ್ ಅಂತೈತ್ರಿ?"

"ಕಟ್ಟಿಗೆ ಏನೂ ಆಗಿಲ್ರಿ. ಆದ್ರ ಹೊಳಿಗೆ ಇಳೀಬ್ಯಾಡ್ರಿ, ನೀರು ಬರಾಕತ್ತೈತಿ."

ಕಾಕಾ ನನ್ನ ಮುಖವನ್ನೇ ದಿಟ್ಟಿಸಿದ. "ಏನೂ ಆಗಿಲ್ಲ ಅಂತೀರಿ. ನೀರು ಬರಾಕತ್ತೈತಿ ಅಂತೀರಿ. ಎರಡರಾಗ ಸುಳ್ಳು ಯಾವುದ್ರಿ?"

ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಯಿತು. ನಾನು ಎಷ್ಟು ಖಚಿತವಾಗಿ ಹೇಳುತ್ತೇನೋ ಅಷ್ಟೂ ಆ ಹಾಳೆಯೇ ಖರೆ ಎಂದಾಗುತ್ತಿತ್ತು. ಮೈಕಿನಲ್ಲಿ ಕೂಗಿದೆ, ಬೇಡಿಕೊಂಡೆ, ಪೊಲೀಸರನ್ನು ಕರೆಸುತ್ತೇನೆ ಎಂದೂ ಹೆದರಿಸಿದೆ. ಪೊಲೀಸರ ಹೆಸರು ತೆಗೆದದ್ದೇ ತಡ, ಹಿಂದಿನಿಂದ ಯಾರೋ "ನೋಡ್ರಿ, ಮುಚ್ಚಾಕ ಪೊಲೀಸರೂ ಬರಾಕತ್ತಾರ!" ಎಂದು ಕೂಗಿದರು. ಈಜುಗಾರರು ಅಂಗಿ ಕಳಚಿ ನೀರಿಗಿಳಿದರು.

ಆಮೇಲೆ ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಮೈಕನ್ನು ಮಲ್ಲಪ್ಪನ ಕೈಗೆ ಕೊಟ್ಟು, ಬೂಟುಗಾಲಲ್ಲೇ ಹೋಗಿ ಆ ಕೊಪ್ಪರಿಗೆಯೊಳಗೆ ಕುಳಿತುಬಿಟ್ಟೆ. ನಾನು ಆಗಲೂ ಸಣ್ಣ ಆಳಲ್ಲ, ನನ್ನನ್ನು ಎತ್ತಬೇಕಾದರೆ ನಾಲ್ವರು ಬೇಕು. ಮೊಣಕಾಲುಗಳು ಎಷ್ಟು ನಡುಗುತ್ತಿದ್ದವೆಂದರೆ ಕೊಪ್ಪರಿಗೆಯ ಕಬ್ಬಿಣಕ್ಕೆ ಬಡಿದು ಟಕಟಕ ಸದ್ದು ಬರುತ್ತಿತ್ತು. ನಿಲ್ಲಿಸಲು ಕೈಯಿಂದ ಒತ್ತಿ ಹಿಡಿದೆ, ನಿಲ್ಲಲಿಲ್ಲ.

"ನನಗೂ ಅಂಜಿಕಿ ಆಗೇತ್ರಿ," ಎಂದೆ. "ಈ ಹಾಳಿ ನೋಡಿ ನಾನೂ ಅಂಜಿ ಫೋನಿಗೆ ಓಡಿ ಹೋಗಿದ್ದೆ. ಕಟ್ಟಿ ಗಟ್ಟಿ ಐತಿ ಅಂತ ನನಗ ಅನಸ್ತೈತಿ. ನಾ ಕಣ್ಣಿಲೆ ನೋಡಿಲ್ಲ, ಖರೆ. ಆದ್ರ ಈ ಹೊಳಿ ನೋಡೇನಿ. ಬಿಟ್ಟ ನೀರು ಇನ್ನೇನು ಬರ್ತೈತಿ, ನಡು ಹೊಳ್ಯಾಗ ಈ ಕೊಪ್ಪರಿಗಿ ಮಗುಚಿದ್ರ ಆ ಕೂಸು ಸಿಗೂದಿಲ್ರಿ. ಎಲ್ಲಾರೂ ಗುಡಿ ದಿಬ್ಬ ಏರ್ರಿ. ನಾ ಇಲ್ಲೇ ದಂಡಿ ಮ್ಯಾಲೆ ಕೂಡ್ತೇನಿ. ಕಟ್ಟಿ ಒಡದಿದ್ರ ನೀರು ಗ್ವಾಡಿ ಹಂಗ ಬರ್ತೈತಿ, ಮೊದಲ ನಾನ ಹೋಗ್ತೇನಿ. ಬಿಟ್ಟ ನೀರಾಗಿದ್ರ ಒಂದೊಂದ ಮೆಟ್ಟಲಾ ಏರ್ತೈತಿ."

ಕಬ್ಬಿಣದ ಟಕಟಕ ಮಾತ್ರ ಕೇಳುತ್ತಿತ್ತು. ಪದ್ಮವ್ವ ನನ್ನನ್ನೊಮ್ಮೆ, ಹೊಳೆಯನ್ನೊಮ್ಮೆ ನೋಡಿದಳು. ಕಾಲು ಹೊರಗೆ ತೆಗೆದು, ಕೂಸನ್ನು ಎದೆಗೆ ಒತ್ತಿಕೊಂಡು ಗುಡಿಯ ಕಡೆ ನಡೆದಳು. ಮಾವ "ಏ ಪದ್ಮಾ!" ಎಂದು ಕೂಗಿದ. ಅವಳು ತಿರುಗಲಿಲ್ಲ. ಬಾಣಂತಿಯೇ ಹೋದಮೇಲೆ ಹಿಂದಿನವರಿಗೆ ದಾರಿ ಇರಲಿಲ್ಲ, ಒಬ್ಬೊಬ್ಬರಾಗಿ ದಿಬ್ಬ ಹತ್ತಿದರು.

ನಾನು ಕೊಪ್ಪರಿಗೆಯಿಂದ ಎದ್ದು, ಹೊಳೆಗೆ ಇಳಿಯುವ ಘಾಟಿನ ಮೇಲಿನ ಮೆಟ್ಟಿಲಲ್ಲಿ ಕುಳಿತೆ. ಹೇಳಿದ ಮಾತು ಉಳಿಸಿಕೊಳ್ಳಬೇಕಲ್ಲ. ಮಲ್ಲಪ್ಪ ಬಾಜೂಕ ಬಂದು ಕುಳಿತು ಎಲ್ಲ ದೇವರ ಹೆಸರೂ ಹೇಳಿದ. ಅವನ ದೇವರುಗಳು ಮುಗಿದ ಮೇಲೆ ನಾನು ನನ್ನವನ್ನು ಶುರು ಮಾಡಿದೆ. ಮೇಲಿನ ತಿರುವಿನಲ್ಲಿ ಗಾಳಿ ಬೀಸಿ ಕಬ್ಬು ಸುಯ್ಯೆಂದಾಗಲೆಲ್ಲ, ಬಂತು ಗೋಡೆ ಎಂದು ಕಣ್ಣು ಮುಚ್ಚುತ್ತಿದ್ದೆ. ಹೆಂಡತಿ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಎದ್ದು ಓಡಬೇಕೆನಿಸಿತು. ದಿಬ್ಬದ ಮೇಲಿನಿಂದ ಇಡೀ ಊರು ನೋಡುತ್ತಿತ್ತು, ಓಡಲಿಲ್ಲ.

ನೀರು ಬಂತು. ಕೆಳಗಿನ ಮೆಟ್ಟಿಲು ಮುಳುಗಿತು. ಸ್ವಲ್ಪ ಹೊತ್ತಿಗೆ ಅದರ ಮೇಲಿನದು. ಗೋಡೆಯಲ್ಲ, ಮೆಟ್ಟಿಲು. ನನಗೆ ಅಳು ಬಂತು, ಅತ್ತೆ. ಹೊತ್ತು ಮುಳುಗುವ ಮುಂಚೆ ನಡು ಹೊಳೆ ಕೆಂಪಗೆ ಕುದಿಯುತ್ತಿತ್ತು, ಬೇರು ಸಮೇತ ಒಂದು ಜಾಲಿಮರ ಗಿರ್ರನೆ ತಿರುಗುತ್ತಾ ಹೋಯಿತು. ಮೊದಲ ಕೊಪ್ಪರಿಗೆಯನ್ನು ಈಜುಗಾರರು ಮೇಲಕ್ಕೆ ಎಳೆದಿದ್ದರು; ಗಡಿಬಿಡಿಯಲ್ಲಿ ನೀರಿನ ಅಂಚಿಗೇ ಬಿಟ್ಟಿದ್ದ ಎರಡನೆಯ ಕೊಪ್ಪರಿಗೆ ತೇಲಿ ಸೆಳವಿಗೆ ಸಿಕ್ಕಿತು. ಎರಡು ಸುತ್ತು ತಿರುಗಿ, ಮಗ್ಗುಲಾಗಿ, ಮಾಯವಾಯಿತು. ಜಿನ್ನಪ್ಪ ಕಾಕಾ ಕೆಳಗಿಳಿದು ಬಂದು ನನ್ನ ಪಕ್ಕ ಕುಳಿತು, ತಲೆಯ ಮೇಲೆ ಕೈ ಹೊತ್ತುಕೊಂಡ.

ಮಾರನೆಯ ದಿನ ಡ್ರಾಯಿಂಗ್ ಮಾಸ್ತರರು ನನ್ನ ಕಚೇರಿಗೆ ಬಂದು, "ಡ್ಯಾಮಿನ ಹೆಸರು ಎಲ್ಲೂ ಬರದಿಲ್ರಿ," ಎಂದು ಇಡೀ ಪುಸ್ತಕ ಮುಂದಿಟ್ಟರು. ಅವರ ಮೇಲೆ ಕೇಸು ಆಗದಂತೆ ಮೇಲಿನವರ ಬಳಿ ಮಾತಾಡಿದೆ. ಪುಸ್ತಕವನ್ನು ಒಂದೇ ಉಸಿರಿಗೆ ಓದಿದೆ. ಜನರಿಗೆ ಸುದ್ದಿ ಹೇಳಬೇಕು ಎನ್ನುತ್ತದೆ ಒಂದು ರೋಬೋಟ್, ಹೇಳಬಾರದೆಂಬ ಆಜ್ಞೆ ಇದೆ ಎನ್ನುತ್ತದೆ ಇನ್ನೊಂದು. ಕಾಳಗ ಆದದ್ದು ಅದಕ್ಕೆ. ಚಿತ್ರಗಳು ಚೆನ್ನಾಗಿದ್ದವು.

ತೊಟ್ಟಿಲ ದಿನ ಜಿನ್ನಪ್ಪ ಕಾಕಾ ಊಟಕ್ಕೆ ಕರೆಸಿದ. ಮನಸ್ಸು ತಡೆಯದೆ ಪದ್ಮವ್ವನನ್ನು ಕೇಳಿದೆ, ಯಾರೂ ನಂಬದಿದ್ದಾಗ ನೀನೊಬ್ಬಳು ಯಾಕೆ ನಂಬಿದೆ ತಾಯಿ ಎಂದು.

"ನಿಮ್ಮ ಮಾತು ನಂಬಲಿಲ್ರಿ ಅಣ್ಣಾರ," ಎಂದಳು. "ನಿಮ್ಮ ಮೊಣಕಾಲು ನಂಬಿದೆ. ಸುಳ್ಳು ಹೇಳಾಕ ಬಂದಾಂವ ಅಷ್ಟು ನಡಗಿಕೋತ ಅಲ್ಲೇ ಕೂಡೂದಿಲ್ಲ, ಜೀಪ್ ಹತ್ತಿ ಹೋಗ್ತಾನ."

ನಿವೃತ್ತಿಯಾಗುವವರೆಗೂ ಮಳೆಗಾಲದಲ್ಲಿ ಜೀಪಿನ ಮೈಕ್ ಹಿಡಿದೆ. ಗಾಬರಿಯಾಗಬೇಡಿ ಎಂಬ ಮಾತನ್ನು ಮತ್ತೆ ಹೇಳಲಿಲ್ಲ. "ನನಗೂ ಅಂಜಿಕಿ ಐತ್ರಿ, ಅದಕ್ಕ ಬಂದೇನಿ" ಎಂದೇ ಶುರು ಮಾಡುತ್ತಿದ್ದೆ. ಕಚೇರಿಯಲ್ಲಿ ಇದನ್ನು ಆಡಿಕೊಂಡು ನಗುತ್ತಿದ್ದರು. ಹೊಳೆಯ ದಂಡೆಯವರು ಮಾತ್ರ ಸುಮ್ಮನೆ ಎದ್ದು ದನದ ಹಗ್ಗ ಬಿಚ್ಚುತ್ತಿದ್ದರು.