ಜೀತ ಮುರಿದವರ ಪಾರ್ಕು

ಬೆಂಗಳೂರಿನಲ್ಲಿ ರಾಜರ ಹೆಸರಿನ ಪಾರ್ಕುಗಳು ಎಷ್ಟೋ ಇವೆಯಂತೆ. ಇರಲಿ. ನಮ್ಮೂರಿನ ಪಾರ್ಕಿಗೆ ಜೀತದಾಳುಗಳ ಹೆಸರಿದೆ. ಅವರಲ್ಲಿ ನನ್ನ ಗಂಡನೂ ಒಬ್ಬ.

ಜಿಗಣಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಗೌಡರ ಹಳೇ ಕಣಕ್ಕೆ ಪಂಚಾಯಿತಿಯವರು ಬೇಲಿ ಹಾಕಿ, ಕಲ್ಲುಬೆಂಚು ಇಟ್ಟು, ಹೊಂಗೆ ಸಸಿ ನೆಟ್ಟರು. ಹೆಸರು ಯಾರದು ಇಡುವುದು ಅಂತ ಜಗಳ ಬಿತ್ತು.

ಅದೇ ಕಣದಲ್ಲಿ ನನ್ನ ಗಂಡ ಜೀತಕ್ಕಿದ್ದ, ಅವನಪ್ಪನೂ ಇದ್ದ. ಗೌಡರು ವರ್ಷಕ್ಕೊಂದು ಕಂಬಳಿ ಕೊಡುತ್ತಿದ್ದರು. ಅದನ್ನು ಹೊದ್ದರೆ ಇನ್ನೊಂದು ವರ್ಷ ಜೀತ ಒಪ್ಪಿದ ಹಾಗೆ. ಜೀತ ಕೂಡದು ಅಂತ ಸರ್ಕಾರ ಕಾನೂನು ಮಾಡಿದಾಗ ನಮ್ಮ ಕೇರಿಯ ಐದು ಜನ ಕಂಬಳಿ ಮಡಿಸಿ ಗೌಡರ ಜಗಲಿ ಮೇಲೆ ಇಟ್ಟು ಬಂದರು. ಗೌಡರು ಹೊಡೆಸಿದರು. ನಮ್ಮ ಕೇರಿಗೆ ಬಾವಿ ನೀರು ನಿಲ್ಲಿಸಿದರು. ಐವರೂ ತಿರುಗಿ ಹೋಗಲಿಲ್ಲ. ಅವರನ್ನು ನೋಡಿ ಉಳಿದವರೂ ಜೀತ ಬಿಟ್ಟರು. ನನ್ನ ಗಂಡನ ಎಡಗಾಲು ಆ ಪೆಟ್ಟಿನಿಂದಲೇ ಕುಂಟು.

ಅರಳಿಕಟ್ಟೆ ಹತ್ತಿರ ಸಭೆ ಸೇರಿತು. ಗೌಡರು ಆಗಲೇ ತೀರಿಹೋಗಿದ್ದರು. ಅವರ ಮಗ, "ನಮ್ಮಪ್ಪನ ಜಾಗ, ನಮ್ಮಪ್ಪನ ಹೆಸ್ರೇ ಇಡಿ" ಅಂದ. ನಾನು ಎದ್ದೆ. ಪಕ್ಕದಲ್ಲಿದ್ದ ನನ್ನ ಮಗ ಸೆರಗು ಜಗ್ಗಿದ. ಆಗ ತಾನೇ ಫ್ಯಾಕ್ಟರಿ ಸೇರಿದ್ದ.

"ಸುಮ್ಕೆ ಕುತ್ಕೊಳವ್ವ. ಜೀತ ಅಂತ ಬೋರ್ಡ್ ಬರ್ಸುದ್ರೆ ನನ್ ಜೊತೆಯೋರೆಲ್ಲ ಓದ್ತಾರೆ. ಜೀತದೋನ್ ಮಗ ಅಂತಾರೆ."

"ಅನ್ಲಿ ಬುಡು. ಕಳ್ಳನ್ ಮಗ ಅನ್ನಾಕಿಲ್ವಲ್ಲ." ಸೆರಗು ಬಿಡಿಸಿಕೊಂಡು ಗೌಡರ ಮಗನ ಕಡೆ ತಿರುಗಿದೆ. "ಜಾಗ ನಿಮ್ಮಪ್ಪಂದೇ ಸಾಮಿ. ಕಣಕ್ಕೆ ಸಗಣಿ ಬಳ್ದೋಳು ನಾನು, ರಾಗಿ ಬಡ್ದೋರು ನಮ್ಮೋರು. ಕಂಬ್ಳಿ ವಾಪಸ್ ಮಡಗಿದ್ರಲ್ಲ, ಅವ್ರ ಹೆಸ್ರು ಮಡಗಿ."

"ಜೀತ ಅಂತ ಬೋರ್ಡಲ್ಲಿದ್ರೆ ಊರಿಗೆ ನಾಚ್ಕೆ ಅಲ್ವೇನಮ್ಮ?" ಅಂದ ಗೌಡರ ಮಗ.

"ಮಾಡಿಸ್ಕೊಂಡೋರ್ಗೆ ಆಗ್ಲಿ. ಬುಟ್ಟೋರ್ಗೆ ಯಾಕೆ?"

ಹಿಂದಿದ್ದ ಹೆಂಗಸರು ನಕ್ಕರು. ಪಂಚಾಯಿತಿ ಚೇರ್ಮನ್ನರು ನನ್ನ ಮಾತಿಗೆ ಒಪ್ಪಿದವರು ಕೈ ಎತ್ತಲಿ ಅಂದರು. ನಮ್ಮ ಕೇರಿ ಪೂರ್ತಿ ಎತ್ತಿತು. ಗೌಡರ ಬೀದಿಯವರೂ ಕೆಲವರು ಎತ್ತಿದರು. ನನ್ನ ಮಗ ಎತ್ತಲಿಲ್ಲ. ನೋಡಿದೆ.

ಬೋರ್ಡು ನಿಲ್ಲಿಸಿದ ದಿನ, ಐವರಲ್ಲಿ ಬದುಕಿದ್ದ ಮೂವರಿಗೆ ಹಾರ ಹಾಕಿ ಒಳಗೆ ಕರೆದರು. ಮೂವರೂ ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟರು. ಕಾಳು ಬೀಳುವ ನೆಲ ಅಂತ ಕಣವನ್ನು ನಾವು ಚಪ್ಪಲಿ ಮೆಟ್ಟಿಕೊಂಡು ತುಳಿಯುವುದಿಲ್ಲ.

"ಈಗಿದು ಪಾರ್ಕು ಕಣ್ರಪ್ಪಾ, ಹಾಕ್ಕೊಂಡೇ ಬನ್ನಿ" ಅಂದರು ಚೇರ್ಮನ್ನರು.

"ನಿಮ್ಗೆ ಪಾರ್ಕು. ನಮ್ಗೆ ಕಣವೇಯ" ಅಂದ ನನ್ನ ಗಂಡ.

ಚೇರ್ಮನ್ನರೂ ಚಪ್ಪಲಿ ಬಿಟ್ಟರು. ಅವರ ಹಿಂದಿದ್ದ ಗೌಡರ ಮಗ ಅತ್ತಿತ್ತ ನೋಡಿ, ಬಗ್ಗಿ ಬೂಟಿನ ದಾರ ಬಿಚ್ಚಿದ.

ನನ್ನ ಮಗ ಶಿಫ್ಟು ಮುಗಿಸಿ, ಜೊತೆಯವರೊಂದಿಗೆ ಬೇಲಿ ಆಚೆ ನಿಂತಿದ್ದ. ಅವರಲ್ಲೊಬ್ಬ, "ಆ ಕುಂಟೋ ಯಜಮಾನ್ರು ಯಾರು ಗುರು?" ಅಂದದ್ದು ನನಗೂ ಕೇಳಿಸಿತು. ಮಗ ಬೋರ್ಡನ್ನೊಮ್ಮೆ ನೋಡಿದ. ಆಮೇಲೆ "ನಮ್ಮಪ್ಪ" ಅಂದ. ಬೂಟು ಬಿಚ್ಚಿ ಒಳಗೆ ಬಂದ.

ಅಕ್ಷರ ಕೂಡಿಸಿ ಓದುವಷ್ಟು ನನಗೂ ಬರುತ್ತದೆ. ಬೋರ್ಡನ್ನು ಆಗಲೇ ಓದಿದ್ದೆ. ಆದರೂ, "ಏನ್ ಬರ್ದವ್ರೆ, ಗಟ್ಟಿಯಾಗಿ ಓದ್ಲಾ" ಅಂದೆ.

"ಜೀತ ಮುರಿದವರ ಉದ್ಯಾನ" ಅಂತ ಓದಿದ, ಬೇಲಿ ಆಚೆಗೂ ಕೇಳಿಸುವ ಹಾಗೆ.