ಖಾಲಿ ಮಷಿನಿಗೆ ಬೀಗ

ಸತ್ಯ ಹೇಳುವುದಾದರೆ ತಪ್ಪು ನನ್ನದೇ. ನೆಲದಡಿಯ ಒಂದು ಕೋಣೆಯಲ್ಲಿ ಚಿಲಕ ಹಾಕಿಕೊಂಡು ಎರಡು ಗಂಟೆ ಕೂತಿದ್ದೆ. ಹೊರಗೆ ನನ್ನ ಪ್ರಾಯದ ಹೆಂಗಸೊಬ್ಬಳು ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದಳು. ಒಳಗಿದ್ದ ಮಷಿನುಗಳೆಲ್ಲ ಖಾಲಿ.

ಸ್ವೀಡನ್ ದೇಶದ ಲುಂಡ್ ಎಂಬ ಊರಿಗೆ ಬಂದು ಐದು ತಿಂಗಳಾಯಿತು. ಅದಕ್ಕೆ ಮೊದಲು ನಮ್ಮೂರು ನೆಟ್ಟಣದ ರೈಲ್ವೆ ಸ್ಟೇಷನ್ ಹತ್ತಿರ ಹೋಟೆಲ್ ನಡೆಸಿದವಳು ನಾನು. ಮಂಡಿ ಕೈಕೊಟ್ಟಿತು, ಹೋಟೆಲ್ ಮುಚ್ಚಿದೆ. ನಾನೇ ಸಾಕಿದ ಮೊಮ್ಮಗಳು ಸೌಮ್ಯ ಇಲ್ಲಿಗೆ ಕರೆಸಿಕೊಂಡಳು. ಚಳಿಗಾಲದಲ್ಲಿ ಇಲ್ಲಿ ಚಾ ಕುಡಿಯುವ ಹೊತ್ತಿಗೇ ಕತ್ತಲೆ. ಮೆಟ್ಟಿಲಲ್ಲಿ ಸಿಕ್ಕಿದವರು "ಹೇ" ಎನ್ನುತ್ತಾರೆ. ನಮಸ್ಕಾರಕ್ಕೆ ಇವರ ಮಾತು ಅದು. ಅಷ್ಟಕ್ಕೇ ಮುಗಿಯಿತು. ನೆಟ್ಟಣದಲ್ಲಿ ರೈಲು ಇಳಿದು ಬಂದವರು ಚಾ ಬರುವುದರೊಳಗೆ ಮನೆಯ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದರು.

ಇಡೀ ಕಟ್ಟಡಕ್ಕೆ ಒಂದೇ "ಟ್ವೆಟ್‌ಸ್ಟೂಗ", ಅಂದರೆ ಬಟ್ಟೆ ಒಗೆಯುವ ಕೋಣೆ. ಗೋಡೆಯಲ್ಲೊಂದು ಹಲಗೆ, ಪ್ರತಿ ಮನೆಗೆ ಹೆಬ್ಬೆರಳು ಗಾತ್ರದ ಒಂದು ಬೀಗ. ಬೇಕಾದ ಹೊತ್ತಿನ ತೂತಿಗೆ ಬೀಗ ಸಿಕ್ಕಿಸಿದರೆ ಆ ಮೂರು ಗಂಟೆ ಕೋಣೆ ನಮ್ಮದು. ಬೇಗ ಮುಗಿದರೆ ಬೀಗ ತೆಗೆದು ಬಿಟ್ಟುಕೊಡಬೇಕು. ಈ ಕೊನೆಯ ಮಾತನ್ನೂ ಸೌಮ್ಯ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಒಗೆದಾಯಿತು, ಸೀರೆ ಅಲ್ಲೇ ಇದ್ದ, ಬಿಸಿಗಾಳಿಯಲ್ಲಿ ಒಣಗಿಸುವ ಕಪಾಟಿಗೆ ಹೋಯಿತು, ನಾನು ಕಾವಲು ಕೂತೆ. ಹೋಟೆಲಿನ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬದುಕಿದವಳು. ನಾಲ್ಕು ಮೆಣಸಿಗೂ ಅಡುಗೆಯವನು ನನ್ನನ್ನು ಕರೆಯಬೇಕಿತ್ತು.

ಆ ಹೋಟೆಲಿಗೂ ಬೀಗ ಹಾಕಿಯೇ ಬಂದಿದ್ದೇನೆ, ಅದರ ಕೈ ಈಗಲೂ ಸೊಂಟದಲ್ಲೇ ಇದೆ. ದೊಡ್ಡ ಪಾತ್ರೆಗಳೆಲ್ಲ ಒಳಗಿವೆ. ನೆರೆಯವರ ಮದುವೆಗೆ ಬೇಕಿತ್ತು ಎಂದು ಪೆರಾಬೆಯಲ್ಲಿರುವ ತಂಗಿ ಎರಡು ಸಲ ಫೋನಿನಲ್ಲಿ ಕೇಳಿದಳು. ನಾನು ಬಂದ ಮೇಲೆ ನೋಡುವ ಎಂದೆ.

ಸಂಜೆ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಸೌಮ್ಯ ಓದಿದಳು.

"ಕೆಳಗಿನ ಮನೆಯ ಇಂಗ್ರಿಡ್ ಬರೆದದ್ದು. ಮಷಿನ್ ಖಾಲಿ ಇದ್ರೂ ಬೀಗ ಯಾಕೆ ಅಂತ. ಒಳಗೆ ಕೂತು ಎಂತ ಮಾಡ್ತಾ ಇದ್ರಿ ಅಜ್ಜಿ?"

"ಸೀರೆ ಒಣಗುದನ್ನು ನೋಡ್ತಾ ಇದ್ದೆ."

"ಅದಕ್ಕೆ ಇಡೀ ಕೋಣೆ ಯಾಕೆ? ಒದ್ದೆ ಸೀರೆ ಮೇಲೆ ತಂದು ಒಣಗಿಸ್ಲಿಕ್ಕೆ ಆಗುದಿಲ್ವಾ?"

"ಹೋಟೆಲ್ ನಡೆಸಿದವಳಿಗೆ ಬುದ್ಧಿ ಹೇಳ್ಲಿಕ್ಕೆ ಬಂದ್ಲು."

ಸೌಮ್ಯ ನಗಲಿಲ್ಲ. ಚೀಟಿ ಹಿಡಿದುಕೊಂಡೇ ಕಂಪ್ಯೂಟರಿನ ಮುಂದೆ ಕೂತಳು.

ಅವಳ ಪಾಡೂ ಚೆನ್ನಾಗಿರಲಿಲ್ಲ. ಕೆಲಸಕ್ಕೆ ಸೇರಿದವರನ್ನು ಇಲ್ಲಿ ಆರು ತಿಂಗಳು ಪರೀಕ್ಷೆ ಮಾಡಿ ನೋಡುತ್ತಾರೆ. ಅದು ಮುಗಿಯಲು ಎರಡು ವಾರ ಉಳಿದಿತ್ತು. ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ಪ್ರೋಗ್ರಾಂ ಅವಳ ಕೆಲಸ, ಗ್ರಾಫಿಕ್ಸ್ ಡ್ರೈವರ್ ಎನ್ನುತ್ತಾರೆ. ಚಿತ್ರ ಇಡುವುದಕ್ಕೆ ಮೆಮೊರಿಯ ತುಂಡು ಕೊಡುವುದು, ಮುಗಿದ ಮೇಲೆ ವಾಪಸು ಪಡೆಯುವುದು ಅದರ ಪಾಲಿಗೆ ಬಂದದ್ದು. ತುಂಡುಗಳಿಗೆಲ್ಲ ಒಂದು ಪಟ್ಟಿ ಇದೆ, ಒಂದೇ ತುಂಡಿಗೆ ಎರಡು ಪ್ರೋಗ್ರಾಂ ಒಟ್ಟಿಗೆ ಕೈ ಹಾಕಬಾರದೆಂದು ಅಲ್ಲಿಯೂ ಲಾಕ್ ಹಾಕುತ್ತಾರಂತೆ. ಇವಳು ಬರೆದುಕೊಟ್ಟ ಮೇಲೆ ಪರದೆ ತಡೆತಡೆದು ಓಡುತ್ತಿತ್ತು. ಕೆಲಸ ಹೋದರೆ ಮನೆಯೂ ಹೋಗುತ್ತದೆ, ಇಲ್ಲಿ ಇರುವ ಪರವಾನಗಿಯೂ ಹೋಗುತ್ತದೆ.

"ನಾನು ಮಾಡಿದ್ದೂ ಇದನ್ನೇ ಅಜ್ಜಿ. ತುಂಡನ್ನು ಪಟ್ಟಿಯಿಂದ ತೆಗೆದ ಮೇಲೂ, ಅದನ್ನು ಒರೆಸಿ ಮುಗಿಸುವವರೆಗೆ ಲಾಕ್ ಬಿಡ್ಲೇ ಇಲ್ಲ. ಉಳಿದವರೆಲ್ಲ ಹೊರಗೆ ಕಾಯ್ತಾ ಇದ್ದಾರೆ."

"ಹಾಗಾದ್ರೆ ಬಿಡು ಮಾರಾಯ್ತಿ."

"ಬಿಟ್ಟ ಮೇಲೆ ಯಾರಾದ್ರೂ ಆ ತುಂಡಿಗೆ ಕೈ ಹಾಕಿದ್ರೆ? ಕೋಡ್ ನೋಡುವವರು ಮೊದಲು ಕೇಳುದೇ ಅದು."

"ಪಟ್ಟಿಯಲ್ಲೇ ಇಲ್ಲದ್ದು ಅವರಿಗೆ ಹೇಗೆ ಸಿಗ್ತದೆ?"

"ಮೊದಲೇ ಹಿಡ್ಕೊಂಡವರು ಇದ್ರೆ ಸಿಗ್ತದೆ."

"ಇದ್ದಾರಾ?"

ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದಳು. "ಇಲ್ಲ. ಕೊನೆಯವರೂ ಕೈಬಿಟ್ಟ ಮೇಲೆಯೇ ತುಂಡು ಇಲ್ಲಿಗೆ ಬರುದು."

"ಮತ್ತೆ ಯಾರಿಗೆ ಹೆದರುದು?"

ಗಂಜಿ ಆರುವವರೆಗೂ ಬರೆಯುತ್ತಲೇ ಇದ್ದಳು. ಪಟ್ಟಿಯಿಂದ ತೆಗೆಯುವಷ್ಟು ಹೊತ್ತು ಮಾತ್ರ ಲಾಕ್, ಒರೆಸುವುದು ಆಮೇಲೆ, ಲಾಕಿನ ಹೊರಗೆ. ಅದನ್ನು ಒಪ್ಪಲು ಕೋಡ್ ನೋಡುವವರಿಗೆ ನಾಲ್ಕು ದಿನ ಬೇಕಾಯಿತು. ಈಗ ಕೆಲಸ ಖಾಯಂ ಆಗಿದೆ. ಅಂದರೆ ನಾವಿನ್ನು ಇಲ್ಲಿಯವರೇ. ಅದನ್ನು ಕೇಳಿ ನನಗೆ ಖುಷಿಗಿಂತ ಆಯಾಸವೇ ಹೆಚ್ಚಾಯಿತು. ಕೆಲಸ ಹೋದರೆ ಊರಿಗೆ ಹೋಗಬಹುದು ಎಂದು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ.

ಆದರೆ ಚೀಟಿ ಬಂದ ಮರುದಿನವೇ, ಬೆಳಿಗ್ಗೆ, ಅವಳ ಕೆಲಸ ಏನಾಗುವುದೆಂದು ಇನ್ನೂ ಗೊತ್ತಿಲ್ಲದಿರುವಾಗ, ಉಳಿದ ಬಟ್ಟೆ ಹೊತ್ತು ಕೆಳಗಿಳಿದೆ. ಒಗೆದೆ. ಹಲಗೆಯಿಂದ ಬೀಗ ಕಿತ್ತೆ. ಇಂಗ್ರಿಡಳ ಬಾಗಿಲು ತಟ್ಟಿ "ಹೇ" ಎಂದು ಕೋಣೆಯ ಕಡೆ ಕೈ ತೋರಿಸಿದೆ. ಒದ್ದೆ ಬಟ್ಟೆ ಹೊತ್ತು ಮೂರು ಮಾಳಿಗೆ ಹತ್ತಿ ಬಚ್ಚಲಿನ ಬಾಗಿಲ ಮೇಲೆ ಹರವಿದೆ. ಮಂಡಿ ಸಿಡಿಯುತ್ತಿತ್ತು. ಅಲ್ಲೇ ಕೂತು ತಂಗಿಗೆ ಫೋನ್ ಮಾಡಿದೆ.

"ನೆಟ್ಟಣದ ಬೀಗ ಒಡೆಸು. ಪಾತ್ರೆ ಬೇಕಾದವರು ಕೊಂಡು ಹೋಗ್ಲಿ."

"ಒಡೆಸುದು ಯಾಕೆ ಅಕ್ಕ? ಬೀಗದ ಕೈ ನಿನ್ನ ಹತ್ರ ಉಂಟಲ್ಲ, ಯಾರಾದ್ರೂ ಬರುವವರ ಕೈಯಲ್ಲಿ ಕಳಿಸು."

ಸೊಂಟ ಮುಟ್ಟಿ ನೋಡಿಕೊಂಡೆ.

"ನೀನು ಒಡೆಸು," ಎಂದೆ. "ಇದು ಇಲ್ಲಿರ್ಲಿ."