ಹಲಗೆಯಿಲ್ಲದೆ ಕೂಡಿದ ಸಭೆ

ಠಾಣಾ ಕುಶನೂರಿನಲ್ಲಿ ಬಸ್ಸಿಳಿದು, ತೊಗರಿ ಹೊಲಗಳ ನಡುವೆ ಅರ್ಧ ತಾಸು ನಡೆದರೆ ಒಂದು ಊರು ಸಿಗುತ್ತದೆ. ಆ ಊರಿನ ಗ್ರಾಮ ಪಂಚಾಯಿತಿ ಅಧ್ಯಕ್ಷರು ಸುಭದ್ರಾಬಾಯಿ. ಭಾಲ್ಕಿ ಕಡೆಯ ಭಾತಂಬ್ರಾದಲ್ಲಿ ಹುಟ್ಟಿ, ಏಳನೆಯ ತರಗತಿ ಓದಿ, ಇಲ್ಲಿಗೆ ಸೊಸೆಯಾಗಿ ಬಂದವರು. ಅಂಗನವಾಡಿಯಲ್ಲಿ ಅಡುಗೆಗೆ ಸೇರಿದ ಮೊದಲ ವರ್ಷ ಮೇಲ್ಜಾತಿಯವರ ಮೇಲಿನ ಓಣಿಯ ಒಂದು ಮಗುವೂ ಇವರ ಕೈಯ ಊಟಕ್ಕೆ ಬರಲಿಲ್ಲ. ಇವರು ದಿನವೂ ಎಲ್ಲ ಮಕ್ಕಳಿಗೂ ಸಾಕಾಗುವಷ್ಟು ಬೇಯಿಸಿ, ಎಲ್ಲರ ತಟ್ಟೆ ಹಾಕಿ ಕಾದರು. ಎರಡನೆಯ ವರ್ಷ ಮಕ್ಕಳು ಬಂದವು. ಅಂಥ ಹೆಂಗಸು. ಆ ಕೆಲಸ ಬಿಟ್ಟು ಚುನಾವಣೆಗೆ ನಿಂತು ಗೆದ್ದರು.

ಅವರದೊಂದು ವಾರದ ಕಥೆ ಹೇಳುತ್ತೇನೆ, ಕೇಳಿ.

ಸೋಮವಾರ ಗುಮಾಸ್ತ ಹುಸೇನ ನೋಟಿಸು ಪುಸ್ತಕವನ್ನು ಸಹಿಗೆ ತಂದಿಟ್ಟ. ಶನಿವಾರ ಗ್ರಾಮಸಭೆ. ನೂರು ಮಂದಿ ಕೂಡಿದರೆ ಸಭೆ, ಕೂಡದಿದ್ದರೆ ಬೌದ್ಧರ ಓಣಿಗೆ ಬರಬೇಕಾದ ನೀರಿನ ಪೈಪು ಈ ವರ್ಷದ ಪಟ್ಟಿಯಿಂದ ಹೊರಗೆ. ಸುಭದ್ರಾಬಾಯಿಯ ಮನೆ ಇರುವುದು ಅದೇ ಓಣಿಯಲ್ಲಿ. ಅಧ್ಯಕ್ಷರಾದ ಮೇಲೂ ದಿನಕ್ಕೆ ಆರು ಕೊಡ ಹೊರುತ್ತಿದ್ದರು.

ಹಿಂದಿನವರು ಎಲ್ಲಿ ಸಹಿ ಎಂದಷ್ಟೇ ಕೇಳುತ್ತಿದ್ದರು. ಇವರು ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು: ‘ಪಂಢರಿಯಿಂದ ಡಂಗುರ ಹೊಡೆಯಿಸಲಾಗಿದೆ.’

ಪಂಢರಿ ಅವರ ಮೈದುನ. ಹಲಗೆ ಬಡಿದು ಊರಿಗೆ ಸುದ್ದಿ ಸಾರುವುದು ಆ ಮನೆತನದ ತಲೆಗೆ ಕಟ್ಟಿದ ಚಾಕರಿ. ಹನ್ನೊಂದು ವರ್ಷದ ಹಿಂದೆ ಬೀದರಿನಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ದಿನವೇ ಅವನು ಹಲಗೆಯನ್ನು ಅಟ್ಟಕ್ಕೆ ಎಸೆದಿದ್ದ.

“ಹುಸೇನ, ಪಂಢರಿ ಯಾವಾಗ ಹೊಡದಾನೋ?”

“ಹೊಡದಿಲ್ರಿ ಅಕ್ಕಾ. ಹಿಂದಿನ ನೋಟಿಸ ನೋಡಿ ಬರದೀನಿ.”

“ಹಿಂದರೆ ಹೊಡದಿದ್ದನೇನು?”

ಹುಸೇನ ತಲೆ ಕೆರೆದುಕೊಂಡ. ಹನ್ನೊಂದು ವರ್ಷದಿಂದ ಪಂಢರಿ ಪುಸ್ತಕದೊಳಗೆ ಹಲಗೆ ಬಡಿಯುತ್ತಲೇ ಇದ್ದ. ಹೊರಗೆ ಸಪ್ಪಳವಿಲ್ಲ. ಉಪಾಧ್ಯಕ್ಷ ಏಕನಾಥ ಹೇಳಿ ಕಳಿಸಿದವರು ಬರುತ್ತಿದ್ದರು, ಉಳಿದ ಸಹಿಗಳು ಆಮೇಲೆ ಕೂಡುತ್ತಿದ್ದವು.

ಸುಭದ್ರಾಬಾಯಿ ಆ ಸಾಲಿನ ಮೇಲೆ ಅಡ್ಡಗೆರೆ ಎಳೆದರು.

ಮಂಗಳವಾರ ಏಕನಾಥ ಬಂದ. ಅಭಿವೃದ್ಧಿ ಅಧಿಕಾರಿ ಜಾಯ್ಸ ಮೇಡಂ, ಬೀದರಿನಿಂದ ದಿನಾ ಬಸ್ಸಿಗೆ ಬರುವವರು, ಅಲ್ಲೇ ಕುಳಿತಿದ್ದರು.

“ಡಂಗುರ ಇಲ್ದ ಸಭಾ ಕಚ್ಚಾ ಆಗ್ತದ್ರಿ ಅಧ್ಯಕ್ಷರ. ನಾಳಿ ಯಾರರೆ ತಕರಾರ ತಗದ್ರ?”

“ಯಾರರೆ ಅಂದ್ರ ನೀವೇ ಏನ್ರಿ?”

“ನಾ ಯಾಕ ತಗೀಲಿ! ಪಂಢರಿಗಿ ಒಂದ ಮಾತ ಹೇಳ್ರಿ. ಒಂದ ದಿನ ಬಡದ್ರ ಕೈ ಸವೀತಾವೇನು? ನೀರ ಬರೋದು ನಿಮ್ಮ ಓಣಿಗೇ.”

“ಸವಿಯಂಗಿಲ್ಲಂದ್ರ ನೀವೇ ಬಡೀರಲ್ಲ, ಏಕನಾಥಣ್ಣ. ಹಲಗಿ ಇಳಿಸಿ ಕೊಡ್ತೇನಿ.”

ಹುಸೇನ ನಗು ನುಂಗಲು ಹೋಗಿ ಕೆಮ್ಮಿದ.

ಮೈಕಿನ ಆಟೋ ತರೋಣವೆಂದರೆ ಇದ್ದದ್ದೊಂದೇ ಆಟೋ, ಅದೂ ಏಕನಾಥನ ಅಳಿಯನದು. ಆ ವಾರ ಅದರ ಮೈಕು ಕೆಟ್ಟಿತ್ತಂತೆ. ಬುಧವಾರ ಅಧ್ಯಕ್ಷರು, ಜಾಯ್ಸ ಇಬ್ಬರೂ ಔರಾದಿಗೆ ಹೋಗಿ ತಾಲೂಕಿನ ಅಧಿಕಾರಿಗಳನ್ನು ಕೇಳಿದರು. “ಜನಕ್ಕ ಮುಟ್ಟಬೇಕು, ಮುಟ್ಟಿದ್ದಕ್ಕ ಸಾಕ್ಷಿ ಬೇಕು. ಹ್ಯಾಂಗ ಮುಟ್ಟಿಸ್ತೀರಿ ಅನ್ನೋದು ನಿಮಗ ಬಿಟ್ಟದ್ದು” ಎಂಬ ಉತ್ತರ ಬಂತು.

ಸಂಜೆ ಪಂಢರಿ ತಾನಾಗಿಯೇ ಬಂದು ಹೊಸ್ತಿಲ ಬಳಿ ನಿಂತ. “ವೈನಿ, ಒಮ್ಮೆ ಬಡೀತೇನಿ. ನನ್ನ ಜಿದ್ದಿಗಿ ಓಣಿ ನೀರ ಕಳಕೋಳೋದು ಬ್ಯಾಡ.”

ಸುಭದ್ರಾಬಾಯಿ ಚಹಾಕ್ಕೆ ನೀರಿಟ್ಟರು. ಹ್ಞೂಂ ಅಂದಿದ್ದರೆ ಎಲ್ಲ ಸಲೀಸು.

“ನೀ ಈಗ ಬಡದ್ರ ಆ ಪುಸ್ತಕದಾಗಿನ ಸುಳ್ಳೆಲ್ಲಾ ಖರೇ ಆಗ್ತದೋ. ಕೂಡು, ಚಹಾ ಕುಡಿ.”

ಗುರುವಾರ ಬೆಳಿಗ್ಗೆ ಅವರೇ ಹೊರಟರು. ಹಿಂದೆ ಪುಸ್ತಕ ಹಿಡಿದ ಜಾಯ್ಸ. ಒಂದೊಂದೇ ಮನೆ, ಒಂದೊಂದೇ ಸಹಿ. ಮೇಲಿನ ಓಣಿಗೆ ಬಂದಾಗ ಜಾಯ್ಸ ಗಮನಿಸಿದರು, ಅಧ್ಯಕ್ಷರ ನಡಿಗೆ ನಿಧಾನವಾಯಿತು. ಈ ಓಣಿಯಲ್ಲಿ ಅವರ ಅತ್ತೆ, ಅತ್ತೆಯ ಅತ್ತೆ ಬೀದಿಯಲ್ಲಿ ನಿಂತೇ ಕೂಗಬೇಕಿತ್ತು. ಬಾಗಿಲಿನ ಚಿಲಕ ಮುಟ್ಟಿದವರಿಲ್ಲ. ಸುಭದ್ರಾಬಾಯಿ ನೇರ ಏಕನಾಥನ ದೊಡ್ಡ ದರವಾಜೆಗೆ ಹೋಗಿ, ಕಬ್ಬಿಣದ ಚಿಲಕ ಹಿಡಿದು ಮೂರು ಸಲ ಬಡಿದರು.

ಬಾಗಿಲು ತೆರೆದದ್ದು ಏಕನಾಥನ ತಾಯಿ.

“ಯಾರ ಬಡದಿದ್ದು?”

“ನಾನ್ರಿ ಕಾಕು. ಶನಿವಾರ ಸಭಾ ಅದ, ಬರಬೇಕ್ರಿ.”

ಮುದುಕಿ ಚಿಲಕ ನೋಡಿದಳು, ಆ ಕೈ ನೋಡಿದಳು. “ಇಷ್ಟ ಜೋರ ಬಡೀತಾರೇನವಾ? ನನಗೇನ ಕಿವಿ ಹೋಗ್ಯಾವ?”

“ನಿಮ್ಮ ಮಗಗ ಕೇಳಲಿ ಅಂತ್ರಿ.”

“ಅವಗ ಹಡದಾಗಿಂದ ಕೇಳಂಗಿಲ್ಲ.” ಮುದುಕಿ ಸೆರಗಿಗೆ ಕೈ ಒರೆಸಿಕೊಂಡಳು. “ಈ ಮನಿಗಿ ಬಂದು ಐವತ್ತ ವರ್ಷ ಆತು, ಒಂದ ಸಭಾಕ್ಕ ಯಾರೂ ನನಗ ಕರದಿಲ್ಲ. ಹೆಬ್ಬಟ್ಟ ಎಲ್ಲಿ ಒತ್ತಲಿ?”

ಶುಕ್ರವಾರ ಕತ್ತಲಾಗುವ ಹೊತ್ತಿಗೆ ಊರಿನ ಮನೆಗಳೆಲ್ಲ ಮುಗಿದವು. ಅಧ್ಯಕ್ಷರ ಬೆರಳ ಗಿಣ್ಣುಗಳು ಊದಿದ್ದವು.

ಶನಿವಾರ ಶಾಲೆಯ ಅಂಗಳದಲ್ಲಿ ಹುಸೇನ ತಲೆ ಎಣಿಸಿದ. ಎಂಬತ್ತೆಂಟು. ಏಕನಾಥ ತನ್ನವರನ್ನು ಕಟ್ಟಿಕೊಂಡು ಗೇಟಿನಾಚೆ ನಿಂತಿದ್ದ. ಒಳಗೆ ಬಂದರೆ ಲೆಕ್ಕಕ್ಕೆ ಸೇರಬೇಕಲ್ಲ! ಸಭೆಯ ಹೊತ್ತು ಮೀರಿ ಹನ್ನೊಂದೂವರೆ ಆಯಿತು. ಜಾಯ್ಸ ಕೈಗಡಿಯಾರ ನೋಡುವುದನ್ನೂ ಬಿಟ್ಟರು. ಆಗ ಮೇಲಿನ ಓಣಿಯ ತಿರುವಿನಲ್ಲಿ ಸೀರೆಗಳು ಕಂಡವು. ಏಕನಾಥನ ತಾಯಿ ಮುಂದೆ, ಹಿಂದೆ ಹದಿಮೂರು ಹೆಂಗಸರು.

“ಡಂಗುರ ಇಲ್ದ ಸಭಾ ನಾ ಒಪ್ಪಂಗಿಲ್ಲ!” ಏಕನಾಥ ಕೂಗಿದ.

“ಒಪ್ಪಬ್ಯಾಡೋ. ಅಲ್ಲೇ ನಿಂದ್ರು, ನೆಳ್ಳಿಗಿ ಸರದು ನಿಂದ್ರು” ಎನ್ನುತ್ತ ತಾಯಿ ಅವನನ್ನು ದಾಟಿ ಒಳಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಅಂಗಳ ಗೊಳ್ಳೆಂದಿತು. ನೂರಾ ಎರಡು.

ಪೈಪಿನ ಠರಾವು ಪಾಸಾಯಿತು. ಅಧ್ಯಕ್ಷರು ಇನ್ನೊಂದು ಠರಾವು ಓದಿದರು: ಇನ್ನು ಯಾವ ಮನೆತನದಿಂದಲೂ ಡಂಗುರವಿಲ್ಲ, ಸದಸ್ಯರೇ ಓಣಿ ಹಂಚಿಕೊಂಡು ಬಾಗಿಲು ಬಡಿದು ಕರೆಯಬೇಕು. ನೂರು ಕೈ ಎದ್ದವು. ಉಪಾಧ್ಯಕ್ಷನ ಸಹಿಯೂ ಬೇಕಿತ್ತು. ಏಕನಾಥ ಒಳಗೆ ಬಂದ, ಯಾರ ಮುಖವನ್ನೂ ನೋಡದೆ.

“ನನಗ ಯಾವ ಓಣಿ?”

“ನಮ್ಮದು. ಅಲ್ಲಿ ಬಾಗಲಕ್ಕ ಚಿಲಕ ಇಲ್ರಿ ಏಕನಾಥಣ್ಣ. ಒಳಗ ಬಂದೇ ಕರೀಬೇಕು.”

ಏಕನಾಥ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಸುಭದ್ರಾಬಾಯಿ ಪುಸ್ತಕವನ್ನು ಅವನ ಮುಂದಿನಿಂದ ತೆಗೆಯಲಿಲ್ಲ.